ಪುಸ್ತಕದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತೀರಾ? ದಟ್, ವಿಚ್ ಹೀಗೆ ಹಾಕಿ

ಪುಸ್ತಕದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ದೊಡ್ಡ ಪದಗಳಲ್ಲಿ ಎಡವುವುದು ಕಡಿಮೆ. ದಟ್, ವಿಚ್, ಹೂ ಬಂದಾಗಲೇ ಮುಗ್ಗರಿಸುವುದು. ತಿದ್ದಲು ನನ್ನ ಕೈಗೆ ಬರುವ ಬರಹಗಳಲ್ಲಿ ಇದೇ ಜಾಸ್ತಿ.

ಮೊದಲು ಎರಡು ಚಿಕ್ಕ ವಾಕ್ಯ ಬರೆದುಕೊಳ್ಳಿ: 'ಐ ಬಾಟ್ ಎ ನಾವೆಲ್. ಇಟ್ ಹ್ಯಾಸ್ ಮ್ಯಾಪ್ಸ್.' 'ಇಟ್' ತೆಗೆದು ಅಲ್ಲಿ 'ದಟ್' ಕೂರಿಸಿದರೆ ಎರಡೂ ಒಂದಾಗುತ್ತವೆ. ತೆಗೆದದ್ದು ಮತ್ತೆ ನುಸುಳಬಾರದು. 'ದಿ ನಾವೆಲ್ ದಟ್ ಐ ಬಾಟ್ ಇಟ್' ಎಂದು ಬರೆಯುವವರು ಬೇಕಾದಷ್ಟು ಜನ. ಕೊನೆಯ 'ಇಟ್' ದಂಡ. ಮನುಷ್ಯರಿಗೆ 'ಹೂ'. 'ವಾಟ್'ಗೆ ಇಲ್ಲಿ ಕೆಲಸವಿಲ್ಲ.

ಇನ್ನು ಕಾಮಾ. ಇಲ್ಲಿ ಅವಸರ ಬೇಡ. 'ಹರ್ ನಾವೆಲ್ಸ್ ದಟ್ ಎಂಡ್ ಹ್ಯಾಪಿಲಿ ಆರ್ ಡಲ್' ಎಂದರೆ ಆಕೆಯ ಸುಖಾಂತ್ಯದ ಕಾದಂಬರಿಗಳು ಮಾತ್ರ ಸಪ್ಪೆ. 'ಹರ್ ನಾವೆಲ್ಸ್, ವಿಚ್ ಎಂಡ್ ಹ್ಯಾಪಿಲಿ, ಆರ್ ಡಲ್' ಎಂದರೆ ಬರೆದದ್ದೆಲ್ಲ ಸುಖಾಂತ್ಯ, ಎಲ್ಲವೂ ಸಪ್ಪೆ. ಎರಡು ಕಾಮಾಕ್ಕೆ ಲೇಖಕಿಯ ಮಾನ ಹೋಯಿತು, ಅಲ್ವಾ? ಹಾಗಾಗಿ ದಟ್ ಅಥವಾ ವಿಚ್‌ನಿಂದ ಶುರುವಾಗುವ ತುಂಡನ್ನು ಬೆರಳಿನಿಂದ ಮುಚ್ಚಿ ಓದಿ. ಯಾವ ಪುಸ್ತಕ ಎಂದು ಆಗಲೂ ಗೊತ್ತಾದರೆ ಕಾಮಾ ಮತ್ತು ವಿಚ್. ಗೊತ್ತಾಗದಿದ್ದರೆ ಕಾಮಾ ಇಲ್ಲದ ದಟ್. 'ಹರ್ ಫಸ್ಟ್ ನಾವೆಲ್' ಇರುವುದು ಒಂದೇ, ಆದ್ದರಿಂದ ಅದಕ್ಕೆ ಕಾಮಾ ಬೇಕೇ ಬೇಕು. ಆರಂಭದ ಕಾಮಾ ಹಾಕಿ ಮುಗಿಸುವ ಕಾಮಾ ಮರೆಯುವವರೇ ಹೆಚ್ಚು. ವಾಕ್ಯ ಮುಂದುವರಿಯುವುದಾದರೆ ಎರಡೂ ಇರಬೇಕು.

ಕಾಮಾ ಇಲ್ಲದೆಡೆಯೂ ವಿಚ್ ತಪ್ಪಲ್ಲ, ಬ್ರಿಟಿಷ್ ಬರಹಗಾರರು ಧಾರಾಳವಾಗಿ ಬಳಸುತ್ತಾರೆ. ದಟ್‌ಗೂ ವಿಚ್‌ಗೂ ಬೇರೆ ಬೇರೆ ಕೆಲಸ ಹಂಚಿದರೆ ಒಳ್ಳೆಯದು ಎಂದು ಇಂಗ್ಲಿಷ್ ಬಳಕೆಯ ಕೈಪಿಡಿ ಬರೆದ ಫೌಲರ್ 1926ರಲ್ಲಿ ಕೊಟ್ಟ ಸಲಹೆಯನ್ನು ಅಮೆರಿಕದ ಅನೇಕ ಸಂಪಾದಕರು ನಿಯಮವಾಗಿಸಿಕೊಂಡರು. ನೀವೂ ಹಂಚಿಯೇ ಬರೆಯಿರಿ. ವ್ಯಾಕರಣ ತಿದ್ದುವ ಆ್ಯಪ್ ಗೀಟು ಎಳೆಯಿತೆಂದು ಸುಮ್ನೆ ಒಪ್ಪಿಕೊಳ್ಳಬೇಡಿ. ಲೇಖಕಿ ಬರೆದದ್ದು ಒಂದೋ ಹತ್ತೋ, ಆ್ಯಪ್‌ಗೇನು ಗೊತ್ತು?

ವಿವರಣೆ ತನ್ನ ಪದದ ಪಕ್ಕದಲ್ಲೇ ಇರಲಿ. 'ಐ ಗೇವ್ ದಿ ಬುಕ್ ಟು ಮೈ ಅಂಕಲ್ ದಟ್ ಹ್ಯಾಡ್ ಎ ಟಾರ್ನ್ ಕವರ್' ಎಂದರೆ ಹರಿದದ್ದು ಮಾವನ ರಕ್ಷಾಪುಟ!

'ಎ ಬುಕ್ ಹೂಝ್ ಕವರ್ ಈಸ್ ಟಾರ್ನ್' ಎಂದು ಧೈರ್ಯವಾಗಿ ಬರೆಯಿರಿ. ವಸ್ತುವಿಗೆ ಹೂಝ್ ಸಲ್ಲದು ಎನ್ನುವವರಿದ್ದಾರೆ. 1667ರಲ್ಲೇ ಇಂಗ್ಲಿಷ್ ಕವಿ ಮಿಲ್ಟನ್ ಅದನ್ನು ಮರಕ್ಕೆ ಬಳಸಿದ್ದಾನೆ.

ಕಥೆ ಹೇಳುವಾಗ 'ಎ ನಾವೆಲ್ ಇನ್ ವಿಚ್ ಎ ಬಾಯ್ ಗೋಸ್ ಟು ಸೀ'. ಆ 'ಇನ್' ಬಿಟ್ಟರೆ ವಾಕ್ಯ ಕುಂಟುತ್ತದೆ. ಅದರ ಬದಲು 'ವೇರ್' ಮಾತಿನಲ್ಲಿ ನಡೆಯುತ್ತದೆ, ಬರಹದಲ್ಲಿ ನಾನಂತೂ ಹೊಡೆದುಹಾಕುತ್ತೇನೆ.