ಮಾಸಿದ ಅಂಗಳದ ಕೊಡೆಗೆ ಕೆಮ್ಮಣ್ಣಿನ ಬಣ್ಣ

ಸಾಗರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿ, ತಾಳಗುಪ್ಪದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಜಲಪಾತ ನೋಡಲು ಬರುವವರಿಗೆ ಮೂರು ಕೋಣೆಗಳನ್ನು ಬಿಟ್ಟುಕೊಟ್ಟು ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಅಂಗಳದಲ್ಲಿ ನಾಲ್ಕು ದೊಡ್ಡ ಕೊಡೆಗಳಿವೆ. ಒಂದೊಂದೂ ಒಂಬತ್ತು ಅಡಿ ಅಗಲ, ಎಂಟು ಕಡ್ಡಿ, ಎಂಟು ತುಂಡು ಬಟ್ಟೆ. ತಂದಾಗ ಕಡುಗೆಂಪು ಬಣ್ಣ ಕಣ್ಣು ಕುಕ್ಕುತ್ತಿತ್ತು. ಮೂರನೆಯ ಬೇಸಿಗೆ ಮುಗಿಯುವಷ್ಟರಲ್ಲಿ ಮೇಲ್ಭಾಗ ಬಿಳಿಚಿಕೊಂಡು ಹೋಯಿತು, ಹೊಲಿಗೆಯ ಮಡಿಕೆಯೊಳಗೆ ಮಾತ್ರ ಹಳೆಯ ಕೆಂಪು ಉಳಿದಿತ್ತು. ಬಟ್ಟೆ ಇನ್ನೂ ಗಟ್ಟಿಯಿತ್ತು. ಗಟ್ಟಿಯಿರುವ ಬಟ್ಟೆಯನ್ನು ಬಣ್ಣ ಹೋಯಿತೆಂದು ಎಸೆಯಲು ನನಗೆ ಮನಸ್ಸು ಬರಲಿಲ್ಲ. ಹೀಗಾಗಿ ಬಣ್ಣ ಬಳಿಯುವ ಕೆಲಸಕ್ಕೆ ಇಳಿದೆ. ಮೊದಲ ಕೊಡೆ ಕೆಟ್ಟಿತು, ಉಳಿದ ಮೂರು ಚೆನ್ನಾಗಿ ಬಂದವು. ಕೆಟ್ಟದ್ದು ಏಕೆ, ಬಂದದ್ದು ಹೇಗೆ ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕೊಡೆ ಈ ಕೆಲಸಕ್ಕೆ ಯೋಗ್ಯವೇ ನೋಡಿ. ಕಡ್ಡಿಯ ತುದಿ ಸಿಕ್ಕಿಸುವ ಜೇಬಿನ ಹತ್ತಿರ ಮತ್ತು ನೆತ್ತಿಯ ಸುತ್ತ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಬಿಸಿಲು ಬಣ್ಣವನ್ನಷ್ಟೇ ತಿನ್ನುವುದಿಲ್ಲ, ಅದರ ಅತಿನೇರಳೆ ಕಿರಣಗಳು ನೂಲನ್ನೂ ಸವೆಸುತ್ತವೆ. ಎಳೆದಾಗ ಪರ್‍ರೆಂದು ಹರಿದರೆ ಅಥವಾ ಉಜ್ಜಿದಾಗ ಪುಡಿ ಉದುರಿದರೆ ಬಣ್ಣಕ್ಕೆ ದುಡ್ಡು ಹಾಕಬೇಡಿ. ಬಣ್ಣ ಬಟ್ಟೆಗೆ ಬಲ ಕೊಡುವುದಿಲ್ಲ. ಚೌಕಟ್ಟು ಚೆನ್ನಾಗಿದ್ದರೆ ಬಟ್ಟೆಯನ್ನಷ್ಟೇ ಹೊಸದಾಗಿ ಹೊಲಿಸಿ.

ಬಟ್ಟೆ ಯಾವುದೆಂಬುದೂ ಮುಖ್ಯ. ನಮ್ಮಲ್ಲಿ ಸಿಗುವ ಕೊಡೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಇದಕ್ಕೆ ಸಾಮಾನ್ಯವಾಗಿ ನೇಯ್ದ ಮೇಲೆ ಬಣ್ಣ ಕಟ್ಟಿರುತ್ತಾರೆ, ಅದಕ್ಕೇ ಬೇಗ ಮಾಸುತ್ತದೆ. ದುಬಾರಿ ಕೊಡೆಗಳ ಅಕ್ರಿಲಿಕ್ ಬಟ್ಟೆಯಲ್ಲಿ ನೂಲು ತೆಗೆಯುವ ಮುಂಚೆಯೇ ಬಣ್ಣ ಬೆರೆಸಿರುತ್ತಾರೆ. ಅರಿಶಿನದ ಕೊಂಬನ್ನು ಎಲ್ಲಿ ಮುರಿದರೂ ಹಳದಿಯೇ ಅಲ್ಲವೇ, ಹಾಗೆ. ಅಂಥ ಕೊಡೆ ಮಂಕಾಗಿದ್ದರೆ ಬಹುಮಟ್ಟಿಗೆ ಅದು ಕೊಳೆಯೇ. ತೊಳೆದರೆ ಸಾಕು. ಅಂಗಡಿ ಮುಂದಿನ ಪ್ಲಾಸ್ಟಿಕ್ ಲೇಪದ ಜಾಹೀರಾತು ಕೊಡೆಗಳಿಗೆ ಈ ಬಣ್ಣ ಹಿಡಿಯುವುದಿಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತದೆ.

ಚೊಗರಿನ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆಯವರು ಮೊದಲು ಕೇಳುವುದೇ ಅದನ್ನು. ಅಡಿಕೆ ಬೇಯಿಸಿದ ಚೊಗರಿನ ಕಲೆ ಸೀರೆಗೆ ಬಿದ್ದರೆ ಜನ್ಮಕ್ಕೆ ಹೋಗುವುದಿಲ್ಲ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ ಎಂಬ ನೇಕಾರ ಮಹಿಳೆಯರ ಸಹಕಾರ ಸಂಘದಲ್ಲಿ ಹತ್ತಿ ಬಟ್ಟೆಗೆ ಅದೇ ಚೊಗರಿನಿಂದ ಚಂದದ ಬಣ್ಣ ಕಟ್ಟುತ್ತಾರೆ. ಆದರೆ ಹತ್ತಿ ಕುಡಿದಂತೆ ಪಾಲಿಯೆಸ್ಟರ್ ಬಣ್ಣ ಕುಡಿಯುವುದಿಲ್ಲ. ಒಂದು ತುಂಡಿಗೆ ಹಚ್ಚಿ ನೋಡಿದೆ, ಎರಡು ಬಾರಿ ತೊಳೆಯುವಷ್ಟರಲ್ಲಿ ನೀರಿನ ಜೊತೆ ಹೊರಟುಹೋಯಿತು. ಕೊಡೆಗೆ ಬೇಕಾದದ್ದು ನೂಲಿನ ಮೇಲೆ ಅಂಟಿ ಕೂರುವ ಬಣ್ಣ.

ಅಂಟಿ ಕೂರಬೇಕಾದರೆ ತೊಳೆಯಬೇಕು. ಈ ಕೆಲಸದ ಮುಕ್ಕಾಲು ಪಾಲು ತೊಳೆಯುವುದರಲ್ಲೇ ಇದೆ. ನನ್ನ ಮೊದಲ ಕೊಡೆ ಕೆಟ್ಟದ್ದು ಇಲ್ಲಿಯೇ. ಪೈಪ್ ಹಿಡಿದು ಧೂಳು ಹೊಡೆದು, ಒಣಗಿಸಿ, ಬಣ್ಣ ಬಳಿದಿದ್ದೆ. ಮೊದಲ ಮಳೆಗೇ ಅಂಗೈಯಗಲದ ಸಿಪ್ಪೆಗಳು ಎದ್ದವು. ಕೊಡೆ ಬಟ್ಟೆಗೆ ನೀರು ಜಾರುವಂತೆ ಮಾಡಿದ ಲೇಪವಿರುತ್ತದೆ, ಅದರ ಮೇಲೆ ಮಲೆನಾಡಿನ ಮಳೆಗಾಲದ ಬೂಷ್ಟು, ಪಾಚಿ ಬೇರೆ. ಬಣ್ಣ ಅವುಗಳಿಗೆ ಅಂಟಿತ್ತೇ ಹೊರತು ಬಟ್ಟೆಗಲ್ಲ.

ಈಗ ನಾನು ಮಾಡುವುದು ಹೀಗೆ. ಒಣ ಬ್ರಷ್ಷಿನಿಂದ ಧೂಳು, ಜೇಡರ ಬಲೆ ತೆಗೆಯುತ್ತೇನೆ. ಬಕೆಟ್ ಉಗುರುಬೆಚ್ಚಗಿನ ನೀರಿಗೆ ಬಟ್ಟೆ ಸೋಪಿನ ದ್ರವ ಹಾಕಿ, ಮೆತ್ತನೆಯ ಬ್ರಷ್ಷಿನಲ್ಲಿ ನೆತ್ತಿಯಿಂದ ಅಂಚಿನ ಕಡೆಗೆ ಉಜ್ಜುತ್ತೇನೆ. ಬೂಷ್ಟಿನ ಕಪ್ಪು ಚುಕ್ಕೆಗಳಿದ್ದ ಕಡೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಸಿಂಪಡಿಸಿ, ಅರ್ಧ ಗಂಟೆ ಬಿಟ್ಟು ಉಜ್ಜುತ್ತೇನೆ. ಬ್ಲೀಚಿಂಗ್ ಪೌಡರ್ ಬೇಡ. ಅದರಲ್ಲೂ ವಿನೆಗರ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಉಸಿರಿಗೆ ಅದು ವಿಷ. ಕೊನೆಗೆ ನೊರೆಯ ಸುಳಿವೂ ಉಳಿಯದಂತೆ ನೀರು ಹೊಯ್ದು, ಬಿಚ್ಚಿದ ಸ್ಥಿತಿಯಲ್ಲೇ ಒಂದಿಡೀ ದಿನ ಒಣಗಿಸಿ.

ಒಣಗಿದ ಮೇಲೆ ಒಂದು ಪರೀಕ್ಷೆ. ಬೆರಳನ್ನು ನೀರಿಗೆ ಅದ್ದಿ ಬಟ್ಟೆಯ ಮೇಲೆ ಒಂದು ಹನಿ ಇಡಿ. ಹನಿ ಕೆಸುವಿನ ಎಲೆಯ ಮೇಲೆ ನಿಂತಂತೆ ಮಣಿಯಾಗಿ ನಿಂತರೆ ಲೇಪ ಇನ್ನೂ ಇದೆ ಎಂದು ಅರ್ಥ. ಮತ್ತೆ ಸೋಪು ಹಾಕಿ ಉಜ್ಜಬೇಕು. ಹನಿ ನಿಧಾನವಾಗಿ ಹರಡಿ, ಸುತ್ತ ಒಂದು ಕಪ್ಪು ವೃತ್ತ ಮೂಡಿ ಇಂಗಿದರೆ ಬಟ್ಟೆ ಸಿದ್ಧ. ನೆತ್ತಿ, ನಡು, ಅಂಚು, ಮೂರೂ ಕಡೆ ನೋಡಿ. ನನ್ನ ಎರಡನೆಯ ಕೊಡೆಯಲ್ಲಿ ನಡುವೆ ಇಂಗಿದ ನೀರು ಅಂಚಿನಲ್ಲಿ ಮಣಿಯಾಗಿಯೇ ನಿಂತಿತ್ತು. ಮೂರು ಬಾರಿ ತೊಳೆದ ಮೇಲೆ ದಾರಿಗೆ ಬಂತು.

ಇನ್ನು ಬಣ್ಣದ ಆಯ್ಕೆ. ಮಕ್ಕಳು ಮೊದಲಿನ ಕಡುಗೆಂಪೇ ಬೇಕೆಂದರು. ನಾನು ಒಪ್ಪಲಿಲ್ಲ. ಹೊಳೆಯುವ ಕೆಂಪು, ಗುಲಾಬಿ, ನೇರಳೆ ಬಣ್ಣಗಳಲ್ಲಿ ಹಲವು ಬಿಸಿಲಿಗೆ ಬೇಗ ಸೋಲುತ್ತವೆ. ಆದರೆ ನಮ್ಮ ಜಗಲಿಯ ಗೋಡೆ ನೋಡಿ. ಅತ್ತೆಯವರ ಕಾಲದಿಂದ ಕೆಮ್ಮಣ್ಣು ಬಳಿದ ಗೋಡೆ ಅದು. ಸುಣ್ಣ ಉದುರುತ್ತದೆ, ಮಣ್ಣು ಕಳಚುತ್ತದೆ, ಕೆಂಪು ಮಾತ್ರ ಬಿಳಿಚುವುದಿಲ್ಲ. ಕೆಮ್ಮಣ್ಣಿನ ಕೆಂಪು ಎಂದರೆ ಕಬ್ಬಿಣದ ಆಕ್ಸೈಡ್, ನಮ್ಮ ಮಾತಿನಲ್ಲಿ ಹೇಳಿದರೆ ತುಕ್ಕು. ಆಗಬೇಕಾದ ತುಕ್ಕೆಲ್ಲ ಆಗಿಹೋಗಿರುವ ಕಬ್ಬಿಣ ಅದು, ಬಿಸಿಲಿಗೆ ಅಲ್ಲಿ ಕೆಡಿಸಲು ಏನೂ ಉಳಿದಿಲ್ಲ. ಕೊಡೆಗೂ ಅದೇ ಇಟ್ಟಿಗೆ ಕೆಂಪು ಅಥವಾ ಕಾವಿಯ ಛಾಯೆ ಆರಿಸಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಮಣ್ಣಿನ ಹಳದಿಯೂ ಇದೇ ಜಾತಿ. ಹಳೆಯ ಬಣ್ಣಕ್ಕಿಂತ ತಿಳಿಯಾದದ್ದನ್ನು ಬಳಿಯಲು ಹೋದರೆ ಕೆಳಗಿನ ಬಣ್ಣ ಮುಚ್ಚಲು ನಾಲ್ಕಾರು ಕೈ ಬೇಕಾಗುತ್ತದೆ, ಬಟ್ಟೆ ಹಲಗೆಯಂತಾಗುತ್ತದೆ. ಸ್ವಲ್ಪ ಗಾಢವಾದದ್ದನ್ನೇ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಬಾಯಿತಪ್ಪಿ ‘ರೆಡ್ ಆಕ್ಸೈಡ್’ ಎನ್ನಬೇಡಿ. ಹಾಗೆಂದರೆ ಕಬ್ಬಿಣದ ಗೇಟಿಗೆ ಹಚ್ಚುವ ಪ್ರೈಮರ್ ಕೊಡುತ್ತಾರೆ. ಅದು ಬಟ್ಟೆಯ ಮೇಲೆ ಗಡುಸಾಗಿ, ಮಡಿಸಿದ ಕಡೆಯೆಲ್ಲ ಬಿರುಕು ಬಿಡುತ್ತದೆ. ಹೊರಗೋಡೆಗೆ ಬಳಿಯುವ, ನೀರು ಬೆರೆಸುವ ಅಕ್ರಿಲಿಕ್ ಎಮಲ್ಷನ್ ಬೇಕು, ಇಟ್ಟಿಗೆ ಬಣ್ಣದ್ದು ಎಂದು ಹೇಳಿ. ಜೊತೆಗೆ ಚಿತ್ರಕಲೆಯ ಸಾಮಾನು ಮಾರುವ ಕಡೆ ಫ್ಯಾಬ್ರಿಕ್ ಮೀಡಿಯಂ ಎಂಬ ಹಾಲಿನಂಥ ದ್ರವ ಸಿಗುತ್ತದೆ. ಬಣ್ಣ ಒಣಗಿದ ಮೇಲೂ ಬಾಗುವಂತೆ ಮಾಡುವುದು ಅದು. ಎರಡು ಪಾಲು ಬಣ್ಣಕ್ಕೆ ಒಂದು ಪಾಲು ಮೀಡಿಯಂ. ನನಗೆ ಒಂದು ಕೊಡೆಗೆ ಎರಡು ಕೈ ಬಳಿಯಲು ಸುಮಾರು 600 ಮಿಲಿಲೀಟರ್ ಬಣ್ಣ, 300 ಮೀಡಿಯಂ, 200 ನೀರು ಬೇಕಾಯಿತು. ಮಿಶ್ರಣ ಗಟ್ಟಿ ಮಜ್ಜಿಗೆಯ ಹದಕ್ಕೆ ಬರಬೇಕು. ಇಡೀ ಕೊಡೆಗೆ ಸಾಕಾಗುವಷ್ಟನ್ನು ಒಮ್ಮೆಗೇ ಕಲಸಿಟ್ಟುಕೊಳ್ಳಿ, ನಡುವೆ ಮತ್ತೆ ಕಲಸಿದರೆ ಛಾಯೆ ಕೂಡುವುದಿಲ್ಲ.

ಹೊತ್ತು ಆರಿಸುವುದರಲ್ಲಿ ಆತುರ ಬೇಡ. ನಮ್ಮಲ್ಲಿ ಅಡಿಕೆ ಒಣಗಿಸುವ ತಿಂಗಳುಗಳಲ್ಲಿ ಅಂಗಳ ಸಿಗುವುದಿಲ್ಲ, ಇಬ್ಬನಿಯೂ ಜಾಸ್ತಿ. ಶಿವರಾತ್ರಿಯ ಆಸುಪಾಸು ಒಳ್ಳೆಯದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ, ನೆರಳಿನಲ್ಲಿ ಬಳಿಯಬೇಕು. ಸುಡುಬಿಸಿಲಿನಲ್ಲಿ ಬ್ರಷ್ ಎಳೆದಲ್ಲೇ ಬಣ್ಣ ಆರಿ ಪಟ್ಟೆಗಳು ಉಳಿಯುತ್ತವೆ. ಕೊಡೆಯ ಕಂಬ ಎರಡು ಭಾಗವಾಗಿದ್ದರೆ ಕೆಳಗಿನದನ್ನು ತೆಗೆದು, ಮೇಲಿನದನ್ನೇ ನೇರವಾಗಿ ತಳಗಟ್ಟಿಗೆ ಸಿಕ್ಕಿಸಿ. ಕೊಡೆ ಎದೆಯ ಎತ್ತರಕ್ಕೆ ಬರುತ್ತದೆ, ಏಣಿ ಬೇಕಾಗುವುದಿಲ್ಲ. ಗಾಳಿಗೆ ಮಗುಚದಂತೆ ಎರಡು ಕಡ್ಡಿಗಳಿಗೆ ಹಗ್ಗ ಹಾಕಿ ಕಟ್ಟಿ. ಕೆಳಗೆ ಹಳೆಯ ತಾಡಪಾಲು ಹಾಸಿ, ಕಂಬಕ್ಕೂ ಕಡ್ಡಿಗಳಿಗೂ ಹಳೆಯ ಪತ್ರಿಕೆ ಸುತ್ತಿ, ಏಕೆಂದರೆ ಮೊದಲ ಕೈ ಬಟ್ಟೆಯ ಆಚೆಗೂ ಇಳಿಯುತ್ತದೆ.

ಬಳಿಯುವ ಮುಂಚೆ ಆ ತುಂಡಿಗೆ ಮಾತ್ರ ಮಂಜಿನಂತೆ ನೀರು ಸಿಂಪಡಿಸಿ. ಬಟ್ಟೆ ತೇವವಾಗಬೇಕು, ತೊಟ್ಟಿಕ್ಕಬಾರದು. ಎರಡು ಇಂಚಿನ ಬ್ರಷ್ಷಿನಿಂದ ಮೊದಲು ಎರಡೂ ಬದಿಯ ಹೊಲಿಗೆಗಳಿಗೆ ಬಣ್ಣ ತುಂಬಿ, ನೂಲಿನ ಸಂದಿಗೆ ಇಳಿಯುವಂತೆ ತುದಿಯಿಂದ ಚುಚ್ಚಿ ಚುಚ್ಚಿ. ಆಮೇಲೆ ಅಗಲವಾದ ಬ್ರಷ್ಷಿನಿಂದ ನೆತ್ತಿಯಿಂದ ಅಂಚಿಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ತೆಳುವಾಗಿರಲಿ. ಮೊದಲ ಕೈ ಮುಗಿದಾಗ ಹಳೆಯ ಬಣ್ಣ ಇಣುಕುತ್ತಿರುತ್ತದೆ, ಅದನ್ನು ನೋಡಿ ಮನಸ್ಸು ತಡೆಯದೆ ದಪ್ಪಗೆ ಬಳಿದರೆ ಕೆಲಸ ಕೆಡುತ್ತದೆ. ಒಂದು ತುಂಡನ್ನು ಶುರು ಮಾಡಿದರೆ ಮುಗಿಸಿಯೇ ಕೈ ತೊಳೆಯಬೇಕು. ನಾನು ಒಮ್ಮೆ ಅರ್ಧ ತುಂಡಿನಲ್ಲಿ ಬಿಟ್ಟು ಅತಿಥಿಗಳಿಗೆ ದೋಸೆ ಹುಯ್ಯಲು ಹೋದೆ. ಬಂದು ಮುಂದುವರಿಸಿದಾಗ ಒಣಗಿದ ಬಣ್ಣ, ಹಸಿ ಬಣ್ಣ ಕೂಡಿದ ಕಡೆ ಒಂದು ಗಾಢ ಗೆರೆ ಮೂಡಿತು, ಅದು ಈಗಲೂ ಇದೆ. ನಿಲ್ಲಿಸುವುದಿದ್ದರೆ ಹೊಲಿಗೆಯ ಹತ್ತಿರ ನಿಲ್ಲಿಸಿ, ಅಲ್ಲಿ ಗೆರೆ ಕಾಣುವುದಿಲ್ಲ.

ಮೊದಲ ಕೈಗೂ ಎರಡನೆಯದಕ್ಕೂ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ. ಸಂಜೆ ಇಬ್ಬನಿ ಬೀಳುವ ಮುಂಚೆ ಬಿಚ್ಚಿದ ಕೊಡೆಯನ್ನೇ ಇಬ್ಬರು ಹಿಡಿದು ಮಾಡಿನ ಕೆಳಗೆ ತನ್ನಿ. ಎಷ್ಟೇ ಒಣಗಿದಂತೆ ಕಂಡರೂ ಮೂರು ದಿನ ಮಡಿಸಬೇಡಿ. ಬೇಗ ಮಡಿಸಿದರೆ ಬಣ್ಣಕ್ಕೆ ಬಣ್ಣ ಅಂಟಿಕೊಂಡು, ಬಿಚ್ಚುವಾಗ ಸಿಪ್ಪೆಯಾಗಿ ಕಿತ್ತು ಬರುತ್ತದೆ. ಪೂರ್ತಿ ಗಟ್ಟಿಯಾಗಲು ಎರಡು ವಾರವೇ ಬೇಕು.

ಅಂಚಿನ ಚಿತ್ತಾರ ನನ್ನ ಯೋಚನೆಯಲ್ಲಿ ಇರಲಿಲ್ಲ. ತೋಟದ ಕೆಲಸಕ್ಕೆ ಬರುವ ದೀವರ ಕೇರಿಯ ಅಕ್ಕ ಇಟ್ಟಿಗೆ ಕೆಂಪಿನ ಕೊಡೆ ನೋಡಿ, “ತಂಗಿ, ಹಸೆ ಗೋಡೆಯ ಹಾಗೇ ಇದೆಯಲ್ಲ, ಬರಿದಾಗಿ ಬಿಡುತ್ತೀಯಾ?” ಎಂದು ಕೇಳಿದರು. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳಿಂದ ಹಸೆ ಚಿತ್ತಾರ ಬರೆಯುವುದು ಅವರ ಮನೆಯ ಹೆಣ್ಣುಮಕ್ಕಳಿಗೆ ತಾಯಿಯಿಂದ ಬಂದ ವಿದ್ಯೆ. ಅಕ್ಕಿಹಿಟ್ಟು ಮಳೆಗೆ ನಿಲ್ಲುವುದಿಲ್ಲ ಎಂದು ಬಿಳಿ ಅಕ್ರಿಲಿಕ್ ಬಣ್ಣ ತಂದುಕೊಟ್ಟೆ. ಅಕ್ಕ ಬ್ರಷ್ ಮುಟ್ಟಲಿಲ್ಲ, ತಮ್ಮ ಪುಂಡಿ ನಾರಿನ ಕುಂಚವನ್ನೇ ತಂದರು. ಮೊದಲ ಎಳೆ ನಡುಗಿತು. “ಗೋಡೆ ಅಲುಗಾಡುವುದಿಲ್ಲ, ಬಟ್ಟೆ ಅಲುಗಾಡುತ್ತದೆ. ಕೆಳಗಿನಿಂದ ಅಂಗೈ ಕೊಡು” ಎಂದರು. ನಾನು ಕೊಡೆಯ ಒಳಗೆ ನಿಂತು, ಅವರ ಕುಂಚ ಹೋದಲ್ಲೆಲ್ಲ ಕೆಳಗಿನಿಂದ ಒಂದು ಹಲಗೆ ಒತ್ತಿ ಹಿಡಿದೆ. ಎಂಟು ತುಂಡುಗಳ ಅಂಚು ಮುಗಿಯಲು ಒಂದೂವರೆ ದಿನ ಹಿಡಿಯಿತು. ಆ ದಿನಗಳಿಗೆ ತೋಟದ ಕೂಲಿಗಿಂತ ಹೆಚ್ಚಿನ ಸಂಬಳ ಕೊಟ್ಟೆ, ಕೊಡಲೇಬೇಕು. ನೀವೂ ಬರೆಸುವುದಾದರೆ ಬಲ್ಲವರ ಕೈಯಲ್ಲೇ ಬರೆಸಿ, ಮಾದರಿ ಕದ್ದು ಅಚ್ಚು ಹಾಕಬೇಡಿ.

ಎರಡು ವಾರ ಕಳೆದ ಮೇಲೆ ಬಟ್ಟೆಗೆ ಹೊಡೆಯುವ, ನೀರು ತಡೆಯುವ ಸಿಲಿಕೋನ್ ಸ್ಪ್ರೇ ಒಂದು ಸುತ್ತು ಹೊಡೆಯಿರಿ. ಬಣ್ಣಕ್ಕೆ ಮುಂಚೆ ಅದನ್ನು ಹತ್ತಿರಕ್ಕೂ ತರಬೇಡಿ, ಸಿಲಿಕೋನ್ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಗಾಳಿ ಇಲ್ಲದ ಹೊತ್ತಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಯಲಿನಲ್ಲೇ ಹೊಡೆಯಿರಿ.

ಬಣ್ಣ ಬಳಿದ ಕೊಡೆ ಮೊದಲಿನಷ್ಟು ಮೆತ್ತಗಿರುವುದಿಲ್ಲ, ಮಡಿಸುವಾಗ ಸ್ವಲ್ಪ ಸರಬರ ಎನ್ನುತ್ತದೆ. ಕಡ್ಡಿಗಳ ನಡುವಿನ ಬಟ್ಟೆಯನ್ನು ಕೈಯಿಂದ ಹೊರಗೆಳೆದುಕೊಂಡು, ಸಡಿಲವಾಗಿ ಸುತ್ತಿ ಕಟ್ಟಿ. ಮಳೆಗಾಲಕ್ಕೆ ನಮ್ಮವು ಹಳೆಯ ಹತ್ತಿ ಸೀರೆ ಸುತ್ತಿಕೊಂಡು ಅಡುಗೆಮನೆಯ ಮೇಲಿನ ಅಟ್ಟ ಸೇರುತ್ತವೆ. ಒಲೆಯ ಶಾಖಕ್ಕೆ ಅಲ್ಲಿ ಬೂಷ್ಟು ಬರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಇಡಬೇಡಿ. ಉಳಿದ ಬಣ್ಣವನ್ನು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ, ಮೇಲೆ ತಾರೀಖು ಬರೆದು ಇಟ್ಟುಕೊಂಡಿದ್ದೇನೆ. ಕಡ್ಡಿಯ ತುದಿಗಳಲ್ಲಿ ಮಡಿಕೆ ಬಿದ್ದ ಕಡೆ ವರ್ಷಕ್ಕೊಮ್ಮೆ ಬೆರಳಗಲ ಬಣ್ಣ ಸವೆಯುತ್ತದೆ, ಅದಕ್ಕೆ ಆ ಬಾಟಲಿಯಿಂದ ಒಂದು ಚಮಚ ಸಾಕು. ಕೆಟ್ಟ ಮೊದಲ ಕೊಡೆಯ ಸಿಪ್ಪೆಗಳನ್ನು ಈಗ ಮೆತ್ತನೆಯ ಬ್ರಷ್ಷಿನಿಂದ ಕೆರೆದು ತೆಗೆಯುತ್ತಿದ್ದೇನೆ. ನಾಲ್ಕು ತುಂಡು ಮುಗಿದಿವೆ, ಇನ್ನು ನಾಲ್ಕು ಇವೆ.