ನೇಷನ್‌ಸ್ಟೇಟ್ಸ್ ಆಟಕ್ಕೆ ಕಾನೂನಿನ ಕರಡು: ನಾನು ಬರೆಯುವ ಕ್ರಮ

ಮ್ಯಾಕ್ಸ್ ಬ್ಯಾರಿ 2002ರಲ್ಲಿ ಶುರುಮಾಡಿದ ಆನ್‌ಲೈನ್ ಆಟ ನೇಷನ್‌ಸ್ಟೇಟ್ಸ್‌ನಲ್ಲಿ ಪ್ರತಿ ಆಟಗಾರರೂ ಒಂದೊಂದು ಕಾಲ್ಪನಿಕ ದೇಶ ನಡೆಸುತ್ತಾರೆ. ಆ ದೇಶಗಳು ಸೇರಿ ಕಾನೂನು ಮಾಡುವ, ವಿಶ್ವಸಂಸ್ಥೆಯಂಥ ಸಭೆಯೇ ವರ್ಲ್ಡ್ ಅಸೆಂಬ್ಲಿ. ಅದರ ಸದಸ್ಯ ದೇಶಕ್ಕೆ ಎರಡು ಎಂಡಾರ್ಸ್‌ಮೆಂಟ್ (ತನ್ನ ಪ್ರದೇಶದ ಬೇರೆ ಸದಸ್ಯ ದೇಶಗಳ ಬೆಂಬಲ) ಇದ್ದರೆ ಸಾಕು, ನಿರ್ಣಯ ಮಂಡಿಸಬಹುದು. ಆದರೆ ಪಾಸಾದದ್ದಕ್ಕೆ ತಿದ್ದುಪಡಿ ಇಲ್ಲ. ಒಂದು ಕಲಮು ಕೆಟ್ಟರೂ ಇಡೀ ನಿರ್ಣಯ ರದ್ದು ಮಾಡಿಸಿ ಹೊಸದನ್ನು ತರಬೇಕು. ಹಾಗಾಗಿ ಪ್ರತಿ ಸಾಲನ್ನೂ ಕಾನೂನಿನಿಂದ ನುಣುಚಿಕೊಳ್ಳಲು ಸಂದು ಹುಡುಕುವವನ ಕಣ್ಣಿನಲ್ಲೇ ಓದುತ್ತೇನೆ.

ಹೊಸಬರು ಪೀಠಿಕೆಯಿಂದ ಶುರುಮಾಡಿ ಅಲ್ಲೇ ಸುಸ್ತಾಗುತ್ತಾರೆ. ನಾನು ಮೊದಲು ಬರೆಯುವುದು ಆದೇಶದ ಕಲಮುಗಳನ್ನು. ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ: ಯಾರು ಮಾಡಬೇಕು, ಏನು ಮಾಡಬೇಕು? ಕ್ರಿಯಾಪದ ‘ಕಡ್ಡಾಯ’ವೋ ‘ಪ್ರೋತ್ಸಾಹ’ವೋ ಎಂಬುದು ಇಲ್ಲೇ ಇತ್ಯರ್ಥವಾಗಬೇಕು, ಏಕೆಂದರೆ ಮಂಡಿಸುವಾಗ ಆರಿಸುವ ವರ್ಗ (ಯಾವ ಬಗೆಯ ಕಾನೂನು), ತೀವ್ರತೆ (ಅದರ ಪರಿಣಾಮ ಎಷ್ಟು ಬಲವಾದದ್ದು) ಎರಡೂ ಕಲಮುಗಳಿಗೆ ಹೊಂದಬೇಕು. ಬರೀ ಪ್ರೋತ್ಸಾಹದ ಮಾತಿರುವ ಕರಡಿಗೆ ಅತಿ ಹೆಚ್ಚಿನ ತೀವ್ರತೆ ಹಾಕಿದರೆ ಅದು ನಿಯಮಬಾಹಿರ. ಇಡೀ ನಿರ್ಣಯ ‘ಇಷ್ಟವಿದ್ದರೆ ಪಾಲಿಸಿ’ ಎಂದರೂ ಅಷ್ಟೇ.

ಹೆಚ್ಚು ಕರಡುಗಳು ಸಾಯುವುದು ವ್ಯಾಖ್ಯೆಯಲ್ಲಿ. ‘ಮಗು ಎಂದರೆ 18 ವರ್ಷದೊಳಗಿನವರು’ ಎಂದು ಬರೆದು ನೋಡಿ. ಈ ಸಭೆಯಲ್ಲಿ ಮುನ್ನೂರು ವರ್ಷ ಬದುಕುವ ಜೀವಿಗಳ ದೇಶಗಳೂ ಇವೆ, ರೋಬೋಟುಗಳ ದೇಶಗಳೂ ಇವೆ. ವಯಸ್ಸಿನ ಬದಲು ‘ಆ ದೇಶದ ಕಾನೂನಿನಂತೆ ಪ್ರಾಪ್ತರಾಗದವರು’ ಎಂದರೆ ಸರಿಹೋದೀತೇ? ಇಲ್ಲ. ಹುಟ್ಟಿದ ದಿನವೇ ಎಲ್ಲರೂ ಪ್ರಾಪ್ತರು ಎಂದು ಒಂದು ದೇಶ ಘೋಷಿಸಿದರೆ ನಿಮ್ಮ ಕಾನೂನು ಅಲ್ಲಿಗೆ ಮುಗಿಯಿತು. ‘ತನ್ನ ಜಾತಿಯ ಜೀವಿಗಳ ಸಹಜ ಬೆಳವಣಿಗೆಯಲ್ಲಿ ಇನ್ನೂ ಪ್ರೌಢಾವಸ್ಥೆ ತಲುಪದ ವ್ಯಕ್ತಿ’ ಎಂಬುದು ಓದಲು ಒರಟು, ಆದರೆ ನಿಲ್ಲುತ್ತದೆ. ಇದೇ ಕಾರಣಕ್ಕೆ ‘ಇಮೇಲ್ ಮೂಲಕ ತಿಳಿಸಬೇಕು’ ಎಂದು ಬರೆಯುವುದಿಲ್ಲ. ಉಗಿಯಂತ್ರದ ಕಾಲದ ದೇಶ ಏನು ಮಾಡೀತು? ಕಲಮುಗಳಲ್ಲಿ ಬಾರದ ಪದಕ್ಕೆ ವ್ಯಾಖ್ಯೆ ಕೊಡುವುದೂ ಬೇಡ. ಅದು ಎದುರಾಳಿಗೆ ಕೊಟ್ಟ ಕೊಡಲಿ.

ಪೀಠಿಕೆ ಕೊನೆಗೆ, ಮೂರು ನಾಲ್ಕು ಸಾಲು. ನಮ್ಮ ಸರ್ಕಾರಿ ಇಂಗ್ಲಿಷ್ ಓದಿ ಬೆಳೆದವರಿಗೆ ‘ವೇರ್‌ಆ್ಯಸ್’, ‘ಹಿಯರ್‌ಬೈ’ ತುಂಬುವ ಚಟ. ಅವು ಕಾನೂನನ್ನು ಗಟ್ಟಿ ಮಾಡುವುದಿಲ್ಲ. ನಿಜಲೋಕದ ಹೆಸರುಗಳಂತೂ ಬೇಡವೇ ಬೇಡ: ಜಿನೀವಾ ಒಪ್ಪಂದ ಎಂದರೂ ಕರಡು ತಿರಸ್ಕೃತ.

ಆಮೇಲೆ ಜಾರಿಯಲ್ಲಿರುವ ನಿರ್ಣಯಗಳನ್ನೆಲ್ಲ ಜಾಲಾಡಬೇಕು. ಇದು ಬೇಸರದ ಕೆಲಸ, ಬಿಟ್ಟರೆ ಗತಿಯಿಲ್ಲ. ಹಳೆಯದನ್ನು ವಿರೋಧಿಸಿದರೂ, ಅದನ್ನೇ ಮತ್ತೆ ಹೇಳಿದರೂ ಕರಡು ನಿಯಮಬದ್ಧವೇ ಎಂದು ತೀರ್ಮಾನಿಸುವ ಆಟಗಾರರ ಮಂಡಳಿ, ಸೆಕ್ರೆಟೇರಿಯೆಟ್, ಹೊರಗಿಡುತ್ತದೆ. ಇನ್ನೊಂದು ನಿರ್ಣಯದ ಮೇಲೆಯೇ ನಿಂತಿರುವ ಕರಡೂ ಕೂಡದು, ಏಕೆಂದರೆ ಅದು ರದ್ದಾದ ದಿನ ಇದೂ ಕುಸಿಯುತ್ತದೆ. ಈ ನಿಯಮಕ್ಕೆ ಆಟಗಾರರು ‘ಹೌಸ್ ಆಫ್ ಕಾರ್ಡ್ಸ್’ ಎನ್ನುತ್ತಾರೆ. ರದ್ದತಿಯ ಕರಡಾದರೆ ಗುರಿಯಿಟ್ಟ ನಿರ್ಣಯದ ಪಠ್ಯವನ್ನು ಎದುರಿಗಿಟ್ಟುಕೊಂಡು, ಅದು ಹೇಳದ್ದನ್ನು ಹೇಳಿದೆ ಎಂದು ಬರೆದಿಲ್ಲವೇ ಎಂದು ಸಾಲುಸಾಲಾಗಿ ತಾಳೆ ನೋಡುತ್ತೇನೆ. ‘ಇದು ನಮ್ಮ ಸಾರ್ವಭೌಮತ್ವಕ್ಕೆ ಧಕ್ಕೆ’ ಎಂಬ ಒಂದೇ ವಾದ ಸಾಲದು. ರದ್ದತಿಯೊಳಗೆ ಹೊಸ ಕಾನೂನು ತುರುಕುವಂತೆಯೂ ಇಲ್ಲ.

ಮಂಡಿಸುವ ಹಿಂದಿನ ದಿನ ಕಲಮುಗಳ ಸಂಖ್ಯೆ, ಒಂದು ಕಲಮಿನಿಂದ ಇನ್ನೊಂದಕ್ಕೆ ಕೊಟ್ಟ ಉಲ್ಲೇಖ, ಕಾಗುಣಿತ. ಮೂರನೇ ಕಲಮನ್ನು ತೆಗೆದುಹಾಕಿ ‘ಕಲಮು 3ರಂತೆ’ ಎಂಬುದನ್ನು ಹಾಗೇ ಬಿಡುವುದು ತೀರಾ ಮಾಮೂಲಿ ತಪ್ಪು. ಮಂಡಿಸಿದ ಮೇಲೆ ಕಂಡರೆ ಹಿಂತೆಗೆದು ಮತ್ತೆ ಮಂಡಿಸಬೇಕು, ಟೆಲಿಗ್ರಾಂ (ಆಟದೊಳಗಿನ ಸಂದೇಶ) ಕಳಿಸಿ ಕಳಿಸಿ ಪ್ರದೇಶಗಳ ಪ್ರತಿನಿಧಿಗಳಾದ ಡೆಲಿಗೇಟ್‌ಗಳಿಂದ ಕೂಡಿಸಿದ, ಮತಕ್ಕೆ ಹೋಗಲು ಬೇಕಾದ ಒಪ್ಪಿಗೆಗಳೆಲ್ಲ ಮತ್ತೆ ಸೊನ್ನೆಯಿಂದ.