ಸಿಡ್ನಿಯಲ್ಲಿ ಕೆಲಸ ಆಯ್ತು, ಬಿಲ್ ದುಡ್ಡು ಬಂದಿಲ್ವಾ?

ಊರಲ್ಲಿ ಕಟ್ಟಡದ ಕೆಲಸ ಮಾಡಿದವರಿಗೆ ರನ್ನಿಂಗ್ ಬಿಲ್ ಗೊತ್ತು. ಆದಷ್ಟು ಕೆಲಸಕ್ಕೆ ಬಿಲ್ ಹಾಕುವುದು, ಆಮೇಲೆ ಕಾಯುವುದು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಆ ಕಾಯುವಿಕೆಗೆ ಕಾನೂನೇ ಗಡುವು ಹಾಕಿದೆ. 1999ರ ಸೆಕ್ಯುರಿಟಿ ಆಫ್ ಪೇಮೆಂಟ್ ಕಾಯ್ದೆ ಅದು. ಟೈಲ್ಸ್, ಪೇಂಟಿಂಗ್, ವೈರಿಂಗ್ ಗುತ್ತಿಗೆ ಹಿಡಿದವರಿಗಷ್ಟೇ ಅಲ್ಲ, ಸ್ವಂತವಾಗಿ ಡಿಸೈನ್, ಸರ್ವೆ, ಇಂಟೀರಿಯರ್ ಕೆಲಸ ಮಾಡುವವರಿಗೂ ಅನ್ವಯಿಸುತ್ತದೆ. ನಮ್ಮವರಲ್ಲಿ ಎಂಜಿನಿಯರುಗಳು ಜಾಸ್ತಿ ಅಲ್ವಾ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಬಾಯಿಮಾತಿನ ಒಪ್ಪಂದವಾದರೂ ನಡೆಯುತ್ತದೆ. ಆದರೆ ಸಂಬಳಕ್ಕಿರುವ ನೌಕರರಿಗೆ ಇದು ಅನ್ವಯಿಸುವುದಿಲ್ಲ.

ಬಿಲ್ಲಿನಲ್ಲಿ ಒಂದು ಸಾಲು ಇರಲೇಬೇಕು. ಬ್ಲ್ಯಾಕ್‌ಟೌನ್‌ನಲ್ಲಿ ಎರಡು ಬಾತ್‌ರೂಮಿಗೆ ಟೈಲ್ಸ್ ಹಾಕಿದಿರಿ, 6,400 ಡಾಲರ್ ಬರಬೇಕು ಅಂದುಕೊಳ್ಳಿ. ಯಾವ ಕೆಲಸ, ಎಷ್ಟು ದುಡ್ಡು ಅಂತ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಹೀಗೆ ಸೇರಿಸಿ: 'ದಿಸ್ ಈಸ್ ಎ ಪೇಮೆಂಟ್ ಕ್ಲೇಮ್ ಮೇಡ್ ಅಂಡರ್ ದ ಬಿಲ್ಡಿಂಗ್ ಅಂಡ್ ಕನ್‌ಸ್ಟ್ರಕ್ಷನ್ ಇಂಡಸ್ಟ್ರಿ ಸೆಕ್ಯುರಿಟಿ ಆಫ್ ಪೇಮೆಂಟ್ ಆಕ್ಟ್ 1999.' 2019ರ ಅಕ್ಟೋಬರ್ 21ರಿಂದ ಮಾಡಿದ ಒಪ್ಪಂದಗಳಿಗೆ ಇದು ಕಡ್ಡಾಯ. 'ಸರ್, ಸ್ವಲ್ಪ ದುಡ್ಡು ಹಾಕ್ತೀರಾ' ಅಂತ ಸುಮ್ನೆ ಒಂದು ವಾಟ್ಸಾಪ್ ಕಳಿಸಿದರೆ ಕಾನೂನಿನ ಗಡಿಯಾರ ಓಡುವುದಿಲ್ಲ. ಸಂಕೋಚ ಬೇಡ. ಈ ಸಾಲು ಹಾಕುವುದು ಜಗಳವಲ್ಲ, ಇಲ್ಲಿನ ವಾಡಿಕೆ.

ತಿಂಗಳಿಗೊಮ್ಮೆ, ತಿಂಗಳ ಕೊನೆಯ ದಿನದಿಂದ ಬಿಲ್ ಕಳಿಸಬಹುದು. ನೀವು ಸಬ್ ಕಾಂಟ್ರಾಕ್ಟರ್ ಆಗಿದ್ದರೆ ಬಿಲ್ ಕೊಟ್ಟ ಮೇಲೆ ಹೆಚ್ಚೆಂದರೆ 20 ಕೆಲಸದ ದಿನದಲ್ಲಿ ದುಡ್ಡು ಬರಬೇಕು. 'ನಮಗೆ ಮೇಲಿನಿಂದ ಬಂದ ಮೇಲೆ ಕೊಡ್ತೀವಿ' ಅನ್ನುವ ಷರತ್ತು ಒಪ್ಪಂದದಲ್ಲಿದ್ದರೂ ಅದಕ್ಕೆ ಬೆಲೆಯಿಲ್ಲ.

ಕಡಿಮೆ ಕೊಡುತ್ತೇವೆ ಅನ್ನುವವರು ಬಿಲ್ ಕೈಸೇರಿದ 10 ಕೆಲಸದ ದಿನದೊಳಗೆ ಪೇಮೆಂಟ್ ಶೆಡ್ಯೂಲ್, ಅಂದರೆ ಬಿಲ್ಲಿಗೆ ಲಿಖಿತ ಉತ್ತರ, ಕೊಡಬೇಕು. ಎಷ್ಟು ಕೊಡುತ್ತೇವೆ, ಉಳಿದದ್ದು ಯಾಕೆ ಇಲ್ಲ ಅಂತ ಕಾರಣ ಸಮೇತ ಬರೆದಿರಬೇಕು. ಈ ಕಾಯ್ದೆಯ ಜೀವ ಇರುವುದೇ ಇಲ್ಲಿ. ಶೆಡ್ಯೂಲಿನಲ್ಲಿ ಹೇಳದ ಕಾರಣವನ್ನು ಅಡ್ಜುಡಿಕೇಟರ್ (ಕೋರ್ಟಿನ ಹೊರಗೆ ಬಿಲ್ಲಿನ ತಕರಾರು ತೀರ್ಮಾನಿಸುವವರು) ಮುಂದೆ ಹೊಸದಾಗಿ ಎತ್ತುವಂತಿಲ್ಲ. ಟೈಲ್ಸ್ ಸೊಟ್ಟಗಿದೆ ಅಂತ ಮೂರು ತಿಂಗಳಾದ ಮೇಲೆ ನೆನಪಾದರೆ ಅಲ್ಲಿ ಅದು ನಡೆಯುವುದಿಲ್ಲ. ಏನೂ ಉತ್ತರ ಕೊಡದೆ ಕೂತರಂತೂ ಬಿಲ್ಲಿನ ಪೂರ್ತಿ ಮೊತ್ತ ಅವರ ತಲೆಗೇ ಬರುತ್ತದೆ.

ಕಡಿಮೆ ಮೊತ್ತದ ಶೆಡ್ಯೂಲ್ ಬಂತಾ? ಅದು ಕೈಗೆ ಬಂದ 10 ಕೆಲಸದ ದಿನದೊಳಗೆ ಅಡ್ಜುಡಿಕೇಷನ್‌ಗೆ ಅರ್ಜಿ ಹಾಕಿ. ಶೆಡ್ಯೂಲೂ ಇಲ್ಲ, ಪೂರ್ತಿ ದುಡ್ಡೂ ಇಲ್ಲ ಅಂದರೆ, ದುಡ್ಡು ಕೊಡುವ ಗಡುವು ಮುಗಿದ 20 ಕೆಲಸದ ದಿನದೊಳಗೆ ನೋಟಿಸ್ ಕೊಟ್ಟು, ಶೆಡ್ಯೂಲ್ ಕೊಡಲು ಅವರಿಗೆ ಇನ್ನೂ 5 ಕೆಲಸದ ದಿನ ಬಿಡಬೇಕು. ಆಮೇಲೆ ಅರ್ಜಿ. ಅದರ ಬದಲು ನೇರವಾಗಿ ಕೋರ್ಟಿಗೂ ಹೋಗಬಹುದು. ದಿನ ತಪ್ಪಿದರೆ ಆ ಬಿಲ್ಲಿಗೆ ಅಡ್ಜುಡಿಕೇಷನ್ ದಾರಿ ಮುಚ್ಚಿದಂತೆ, ಹಾಗಾಗಿ ಬಿಲ್ ಕಳಿಸಿದ ದಿನವೇ ಫೋನಿನಲ್ಲಿ ಎಲ್ಲ ತಾರೀಕು ಹಾಕಿಡಿ.

ಮನೆ ಮಾಲೀಕರೇ ನೇರವಾಗಿ ಕೆಲಸ ಕೊಟ್ಟಿದ್ದರೂ, 2021ರ ಮಾರ್ಚ್ 1ರಿಂದ ಮಾಡಿದ ಒಪ್ಪಂದಗಳಿಗೆ ಇದೇ ಕಾಯ್ದೆ. ಮೆಲ್ಬರ್ನ್‌ನಲ್ಲಿರುವವರು ಮಾತ್ರ ಈ ಲೆಕ್ಕ ಹಿಡಿಯಬೇಡಿ, ವಿಕ್ಟೋರಿಯಾದ ಕಾಯ್ದೆ ಬೇರೆ.

ವರ್ಷದ ಕೊನೆಗೆ ಬಿಲ್ ಕಳಿಸುವವರಿಗೆ ಇನ್ನೊಂದು ಮಾತು: ಶನಿವಾರ, ಭಾನುವಾರ, ಸರ್ಕಾರಿ ರಜೆಗಳ ಜೊತೆಗೆ ಡಿಸೆಂಬರ್ 27ರಿಂದ 31ರವರೆಗಿನ ದಿನಗಳೂ ಕೆಲಸದ ದಿನದ ಲೆಕ್ಕಕ್ಕೆ ಬರುವುದಿಲ್ಲ.